ಶೇಂಗಾ ಎಣ್ಣೆಯೂ ಡೀಸೆಲ್ ಯಂತ್ರವೂ

ಡೀಸೆಲಿನ ಬೆಲೆ ಏರಿದಾಗಲೆಲ್ಲ ಲಾರಿಯವರಲ್ಲಿಯೂ ರೈತರಲ್ಲಿಯೂ ಒಂದು ಮಾತು ಹುಟ್ಟುವುದುಂಟು: ನಮ್ಮ ಹೊಲದ ಕಾಳಿನಿಂದ ಹಿಂಡಿದ ಎಣ್ಣೆಯನ್ನೇ ಯಂತ್ರಕ್ಕೆ ಹೊಯ್ದರೆ ಆಗದೇ? ಕೆಲವರು ಇದನ್ನು ಈ ಕಾಲದ ಹೊಸ ಶೋಧವೆಂದು ಕೊಂಡಾಡುವರು. ಮತ್ತೆ ಕೆಲವರು ಹುಚ್ಚು ಮಾತೆಂದು ನಗುವರು. ಈ ಇಬ್ಬರೂ ಈ ಯಂತ್ರದ ಚರಿತ್ರೆಯನ್ನು ಕೇಳಿದವರಲ್ಲ. ಪೂನಾ-ಬೆಂಗಳೂರು ಹೆದ್ದಾರಿಯ ಮೇಲಿರುವ ನಮ್ಮ ದಾವಣಗೆರೆ, ಹರಿಹರಗಳವರಿಗೆ ಲಾರಿಯೂ ಎಣ್ಣೆಯೂ ನಿತ್ಯಪರಿಚಿತವಾದ ವಸ್ತುಗಳಾದುದರಿಂದ ಆ ಚರಿತ್ರೆಯನ್ನು ಸ್ವಲ್ಪ ವಿಸ್ತಾರವಾಗಿ ನಿರೂಪಿಸುವುದು ಅನುಚಿತವಾಗಲಾರದೆಂದು ನಂಬುತ್ತೇನೆ.

ಮೊದಲು ಪದದ ವಿಚಾರ. ಸಂಸ್ಕೃತದ 'ತೈಲ' ಶಬ್ದವು 'ತಿಲ'ದಿಂದ, ಎಂದರೆ ಎಳ್ಳಿನಿಂದ, ಹುಟ್ಟಿದುದು. ನಮ್ಮ 'ಎಣ್ಣೆ'ಯೂ ಹಾಗೆಯೇ 'ಎಳ್' ಮತ್ತು 'ನೆಯ್' ಎಂಬೆರಡು ಪದಗಳು ಕೂಡಿ ಆದುದು. 'ಬೆಳ್' ಮತ್ತು 'ನೆಯ್' ಕೂಡಿ 'ಬೆಣ್ಣೆ'ಯಾದಂತೆ. ಎಂದರೆ ಎರಡು ಭಾಷೆಗಳಲ್ಲಿಯೂ ಎಣ್ಣೆಯೆಂಬುದು ಮೊದಲು ಎಳ್ಳಿನ ರಸವೇ ಆಗಿದ್ದಿತು. ಅನಂತರ ಆ ಹೆಸರು ಹರಳಿಗೂ ಹೊಂಗೆಗೂ ಶೇಂಗಾಕ್ಕೂ ಹಬ್ಬಿ, ಕಡೆಗೆ ಭೂಗರ್ಭದಿಂದ ತೆಗೆದ ದ್ರವಕ್ಕೂ ಸಂದಿತು. ಆ ಕಡೆಯದಕ್ಕೆ ಮಾತ್ರ ನಮ್ಮ ಜನರು 'ಸೀಮೆ' ಎಂಬ ವಿಶೇಷಣವನ್ನು ಸೇರಿಸಿ ಪರದೇಶದ್ದೆಂಬ ಗುರುತನ್ನು ಉಳಿಸಿಕೊಂಡರು. ಶಾಸನಗಳಲ್ಲಿ ನಂದಾದೀವಿಗೆಗೆ ಬಿಟ್ಟ ಎಣ್ಣೆಯೂ ಗಾಣದೆರೆಯೂ ಮತ್ತೆ ಮತ್ತೆ ಕಾಣಿಸಿಕೊಳ್ಳುವುವು. ಶರಣರ ಗೋಷ್ಠಿಯಲ್ಲಿ ಗಾಣದ ಕಣ್ಣಪ್ಪನೆಂಬವನೊಬ್ಬನಿದ್ದನು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಹರಿಹರೇಶ್ವರನ ಗುಡಿಯನ್ನು ಕಟ್ಟಿಸಿದ ಕಾಲಕ್ಕೆ ಈ ನಾಡಿನಲ್ಲಿ ಎಣ್ಣೆಯು ಉರಿಯುವ ವಸ್ತುವೆಂಬುದನ್ನು ಯಾರೂ ಯಾರಿಗೂ ಕಲಿಸಬೇಕಾಗಿರಲಿಲ್ಲ. ದೀಪದಲ್ಲಿ ಉರಿಯುವುದು ಯಂತ್ರದಲ್ಲಿ ಏಕೆ ಉರಿಯಬಾರದು?

ಉರಿದದ್ದುಂಟು, ಅದೂ ಆ ಯಂತ್ರದ ಬಾಲ್ಯದಲ್ಲಿಯೇ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಯಂತ್ರಶಾಸ್ತ್ರಜ್ಞನು 1892ರಲ್ಲಿ ತನ್ನ ಕಲ್ಪನೆಗೆ ಪೇಟೆಂಟನ್ನು ಬೇಡಿದನು. ಗಾಳಿಯನ್ನು ಬಲವಾಗಿ ಅದುಮಿದರೆ ಅದು ತಾನೇ ಕಾಯುವುದು. ಆ ಕಾದ ಗಾಳಿಯೊಳಕ್ಕೆ ಎಣ್ಣೆಯನ್ನು ಚಿಮ್ಮಿಸಿದರೆ ಕಿಡಿಯಿಲ್ಲದೆ ಹೊತ್ತಿಕೊಳ್ಳುವುದು. ಇದೇ ಆ ಯಂತ್ರದ ಮರ್ಮ. ಈಗ ಪ್ರತಿವರ್ಷವೂ ಆಗಸ್ಟ್ 10ನೆಯ ತಾರೀಖು ಜೈವಿಕ ಇಂಧನದ ದಿನವೆಂದು ಆಚರಿಸಲ್ಪಡುತ್ತದೆ. 1893ರ ಆ ದಿನ ಡೀಸೆಲನು ಶೇಂಗಾ ಎಣ್ಣೆಯಿಂದ ಯಂತ್ರವನ್ನು ನಡೆಸಿದನೆಂದು ಭಾಷಣಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಹೇಳುವುದು ವಾಡಿಕೆಯಾಗಿದೆ. ಇದು ನಿಜವಲ್ಲ. ಆ ದಿನ ಆಗ್ಸ್‌ಬರ್ಗ್ ಪಟ್ಟಣದಲ್ಲಿ ನಡೆದುದು ಕಲ್ಲೆಣ್ಣೆಯಿಂದ ಮಾಡಿದ ಮೊದಲ ಪರೀಕ್ಷೆ. ಯಂತ್ರವು ಸ್ವಂತ ಬಲದಿಂದ ತಿರುಗಲಿಲ್ಲ. ಒಳಗಿನ ಸ್ಫೋಟಕ್ಕೆ ಒತ್ತಡವನ್ನು ಅಳೆಯುವ ಉಪಕರಣವೇ ಒಡೆದುಹೋಯಿತು. ಸಮರ್ಪಕವಾದ ಯಂತ್ರವು ಸಿದ್ಧವಾದುದು 1897ರಲ್ಲಿ. ಶೇಂಗಾ ಎಣ್ಣೆಯ ಸಂಗತಿಯು 1900ರ ಪ್ಯಾರಿಸ್ ಮಹಾಪ್ರದರ್ಶನಕ್ಕೆ ಸೇರಿದುದು. ಅಲ್ಲಿ ಒಟ್ಟೋ ಕಂಪೆನಿಯವರು ಫ್ರೆಂಚ್ ಸರಕಾರದ ಅಪೇಕ್ಷೆಯಂತೆ ಒಂದು ಸಣ್ಣ ಯಂತ್ರವನ್ನು ಶೇಂಗಾ ಎಣ್ಣೆಯಿಂದ ನಡೆಸಿ ತೋರಿಸಿದರು. ಅದು ಎಷ್ಟು ಸುಗಮವಾಗಿ ನಡೆಯಿತೆಂದರೆ ನೋಡಿದವರಲ್ಲಿ ಕೆಲವರಿಗೆ ಮಾತ್ರವೇ ಭೇದವು ತಿಳಿಯಿತು. ಹೀಗೆಂದು 1912ರಲ್ಲಿ ಬರೆದವನು ಡೀಸೆಲನೇ. ಕರ್ತೃವೇ ಕೊಟ್ಟ ಸಾಕ್ಷ್ಯವಿರುವಾಗ ಅವನ ಹೆಸರಿನ ಉತ್ಸವಕ್ಕೆ ತಪ್ಪು ತಿಥಿ ಏಕೆ ಎಂಬುದು ನನ್ನ ಪ್ರಶ್ನೆ.

ಫ್ರೆಂಚರಿಗೆ ಶೇಂಗಾದ ಮೇಲೆ ಅಷ್ಟು ಆಸಕ್ತಿ ಏಕೆಂಬುದನ್ನೂ ನೋಡಬೇಕು. ಅವರ ಆಫ್ರಿಕದ ವಸಾಹತುಗಳಲ್ಲಿ ಆ ಬೆಳೆ ಸಮೃದ್ಧವಾಗಿದ್ದಿತು. ಕಲ್ಲಿದ್ದಲೂ ಕಲ್ಲೆಣ್ಣೆಯೂ ಅಲ್ಲಿಗೆ ದೂರದಿಂದ ಬರಬೇಕಾಗಿದ್ದಿತು. ನಮ್ಮ ಪುದುಚೇರಿಯಿಂದಲೂ ಹಡಗು ಹಡಗು ಶೇಂಗಾ ಮಾರ್ಸೇಲ್ಸಿನ ಗಾಣಗಳಿಗೆ ಹೋಗುತ್ತಿದ್ದಿತು. ದಕ್ಷಿಣ ಅಮೆರಿಕದಿಂದ ಬಂದ ಈ ಕಾಳು ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಹಿಂದೂಸ್ಥಾನದ ಒಣಭೂಮಿಯ ದೊಡ್ಡ ವ್ಯಾಪಾರದ ಬೆಳೆಯಾಯಿತು. ದಾವಣಗೆರೆಯೂ ಹರಿಹರವೂ 1997ರ ವರೆಗೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದುವು. ಆ ಜಿಲ್ಲೆಯ ಚಳ್ಳಕೆರೆಗೆ 'ಎಣ್ಣೆಯ ನಗರ'ವೆಂಬ ಬಿರುದು ಬಂದುದು ಶೇಂಗಾದಿಂದಲೇ. ದಾವಣಗೆರೆಯಲ್ಲಿಯೂ ಹತ್ತಿಯ ಗಿರಣಿಗಳ ನೆರೆಯಲ್ಲಿ ಎಣ್ಣೆಯ ಗಿರಣಿಗಳು ಎದ್ದುವು. ಈಗ ನಮ್ಮ ಮಳೆಯಾಶ್ರಯದ ಹೊಲಗಳನ್ನು ಬಹುಮಟ್ಟಿಗೆ ಮೆಕ್ಕೆಜೋಳವು ಆಕ್ರಮಿಸಿದೆಯೆಂಬುದು ಬೇರೆ ಮಾತು.

ಡೀಸೆಲನು 1913ರ ಸೆಪ್ಟೆಂಬರಿನಲ್ಲಿ ಹಡಗಿನಿಂದ ಕಾಣೆಯಾಗಿ ಸಮುದ್ರದ ಪಾಲಾದನು. ಅನಂತರ ಕಲ್ಲೆಣ್ಣೆ ಅಗ್ಗವಾಯಿತು. ಯಂತ್ರಗಳೂ ಅದಕ್ಕೇ ಹೊಂದುವಂತೆ ರೂಪುಗೊಂಡುವು. ಕಾಳೆಣ್ಣೆಯ ಮಾತು ಹಿಂದೆ ಸರಿಯಿತು. ಅದು ಮತ್ತೆ ನೆನಪಾದುದು ಯುದ್ಧದ ಕಾಲದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರವಾದಾಗ ನಮ್ಮ ಮೈಸೂರು ಸೀಮೆಯ ಬಸ್ಸುಗಳು ಬೆನ್ನಿಗೆ ಒಲೆಯನ್ನು ಕಟ್ಟಿಕೊಂಡು ಇದ್ದಲಿನ ಅನಿಲದಿಂದ ಓಡಿದುದನ್ನು ಹಿರಿಯರು ಹೇಳುತ್ತಿದ್ದರು. ಅದೇ ಸಮಯದಲ್ಲಿ ಶಾಂತಿಸ್ವರೂಪ ಭಟ್ನಾಗರರ ಮುಂದಾಳುತನದಲ್ಲಿ 1940ರಲ್ಲಿ ಸ್ಥಾಪಿತವಾದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಮಂಡಲಿಯು ಸಸ್ಯತೈಲಗಳ ಮಿಶ್ರಣಗಳನ್ನು ಇಂಧನವಾಗಿಯೂ ಕೀಲೆಣ್ಣೆಯಾಗಿಯೂ ಬಳಸುವ ಪ್ರಯೋಗಗಳನ್ನು ನಡೆಸಿತು. ಯುದ್ಧ ಮುಗಿಯಿತು, ಕಲ್ಲೆಣ್ಣೆಯ ಹಡಗುಗಳು ಬಂದುವು, ಪ್ರಯೋಗಗಳು ಕಡತವನ್ನು ಸೇರಿದುವು. ಅಭಾವವು ಬಂದಾಗ ಬಾವಿಯನ್ನು ತೋಡಿ, ಮಳೆ ಬಂದೊಡನೆ ಮುಚ್ಚುವ ಈ ಪರಿಪಾಟಿಯು ಮುಂದೆಯೂ ನಡೆಯಿತು.

ಹಾಗಾದರೆ ಎಣ್ಣೆಯನ್ನು ಹಾಗೆಯೇ ಲಾರಿಗೆ ಹೊಯ್ಯಬಹುದೇ? ಇಲ್ಲಿ ವಾಚಕರು ಸ್ವಲ್ಪ ನಿಲ್ಲಬೇಕು. ಕಾಳೆಣ್ಣೆಯು ಡೀಸೆಲಿಗಿಂತ ಸುಮಾರು ಹತ್ತು ಪಟ್ಟು ಮಂದ. ಯಂತ್ರದ ಸೂಕ್ಷ್ಮವಾದ ಚಿಮ್ಮುಗೊಳವೆಯಲ್ಲಿ ಅದು ಹೊಗೆಯಂತೆ ಹರಡದೆ ಹನಿಯಾಗಿ ಬೀಳುವುದು. ಪೂರ್ತಿ ಉರಿಯದೆ ಗೊಳವೆಯ ಬಾಯಲ್ಲಿ ಮಸಿಗಟ್ಟುವುದು. ಪಿಸ್ಟನ್ನಿನ ಬಳೆಗಳು ಅಂಟಿಕೊಳ್ಳುವುವು. ಉಳಿದ ಎಣ್ಣೆಯು ಕೆಳಗಿಳಿದು ಕೀಲೆಣ್ಣೆಯನ್ನು ಗಟ್ಟಿಮಾಡುವುದು. ಇದು ಒಂದು ದಿನದಲ್ಲಿ ತೋರುವ ರೋಗವಲ್ಲ. ಆದುದರಿಂದಲೇ 'ನಾನು ಹಾಕಿ ನೋಡಿದೆ, ಏನೂ ಆಗಲಿಲ್ಲ' ಎಂಬ ಸಾಕ್ಷ್ಯಕ್ಕೆ ಬೆಲೆ ಕಡಮೆ. ಇದಕ್ಕೆ ಪರಿಹಾರವನ್ನು 1937ರಲ್ಲಿಯೇ ಬ್ರಸೆಲ್ಸ್ ವಿಶ್ವವಿದ್ಯಾಲಯದ ಶಾವಾನ್ ಎಂಬವರು ಪೇಟೆಂಟಾಗಿ ಬರೆದಿಟ್ಟರು. ಎಣ್ಣೆಯನ್ನು ಮದ್ಯಸಾರದೊಡನೆ ರಾಸಾಯನಿಕವಾಗಿ ಕೂಡಿಸಿದರೆ ಗ್ಲಿಸರೀನ್ ಕೆಳಗೆ ಇಳಿದು, ಮೇಲೆ ತೆಳುವಾದ ದ್ರವವು ನಿಲ್ಲುವುದು. ಮಾರನೆಯ ವರ್ಷ ಬ್ರಸೆಲ್ಸ್ ಮತ್ತು ಲೂವೆನ್ ಪಟ್ಟಣಗಳ ನಡುವೆ ಒಂದು ಬಸ್ಸು ತಾಳೆಯೆಣ್ಣೆಯಿಂದ ಹೀಗೆ ಪಡೆದ ಇಂಧನದಿಂದ ಓಡಿತು. ಇಂದು ಜೈವಿಕ ಡೀಸೆಲ್ ಎನ್ನುವುದು ಇದನ್ನೇ.

ಶೇಂಗಾ ತಿನ್ನುವ ವಸ್ತು. ಬಡವನ ಒಗ್ಗರಣೆಯ ಎಣ್ಣೆಯನ್ನು ಲಾರಿಗೆ ಹೊಯ್ಯುವುದು ಯಾವ ನ್ಯಾಯ? ಈ ಆಕ್ಷೇಪಕ್ಕೆ ಉತ್ತರವಾಗಿ ನಮ್ಮ ನಾಡಿನಲ್ಲಿಯೇ ಒಂದು ಮರವಿದ್ದಿತು. ಹೊಂಗೆಯನ್ನು ಅಮರಕೋಶವು ನಕ್ತಮಾಲ, ಚಿರಬಿಲ್ವ, ಕರಂಜ ಮೊದಲಾದ ಹೆಸರುಗಳಿಂದ ಕರೆಯುತ್ತದೆ. ರಘುವಂಶದ ಐದನೆಯ ಸರ್ಗದಲ್ಲಿ ಅಜನು ಬೀಡುಬಿಟ್ಟ ನರ್ಮದಾತೀರದಲ್ಲಿ ತಂಗಾಳಿಗೆ ತೂಗುವುದು ಈ ಮರವೇ. ಯುಗಾದಿಯ ಹೊತ್ತಿಗೆ ಚಿಗುರಿ ಹೂಬಿಡುವ, ಸಾಲುಮರವಾಗಿ ನೆರಳನ್ನೂ ಗದ್ದೆಗೆ ಹಸಿರೆಲೆಯ ಗೊಬ್ಬರವನ್ನೂ ಕೊಡುವ ಇದರ ಬೀಜದ ಎಣ್ಣೆಯು ಕಹಿಯಾದುದರಿಂದ ಅಡಿಗೆಗೆ ಸಲ್ಲದು. ಹಿಂದೆ ಹಳ್ಳಿಯ ದೀಪಕ್ಕೂ ಚರ್ಮದ ಹದಕ್ಕೂ ಸಲ್ಲುತ್ತಿದ್ದಿತು. ಸೀಮೆಎಣ್ಣೆಯು ಬಂದಮೇಲೆ ಆ ದೀಪವು ಆರಿತು.

ಅದನ್ನು ಮತ್ತೆ ಹೊತ್ತಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಯಂತ್ರಶಾಸ್ತ್ರದ ಪ್ರಾಧ್ಯಾಪಕರಾದ ಉಡುಪಿ ಶ್ರೀನಿವಾಸರು. ಗ್ರಾಮಗಳ ಪರಿವರ್ತನೆಗಾಗಿ ಅವರು ನಡೆಸಿದ 'ಸೂತ್ರ' ಎಂಬ ಯೋಜನೆಯಲ್ಲಿ ಕಗ್ಗನಹಳ್ಳಿಯೆಂಬ ಒಣ ಹಳ್ಳಿಯಲ್ಲಿ ಹೊಂಗೆಯೆಣ್ಣೆಯಿಂದ ಡೀಸೆಲ್ ಯಂತ್ರಗಳನ್ನು ನಡೆಸಿ, ವಿದ್ಯುತ್ತನ್ನು ಪಡೆದು, ಅದರಿಂದ ಕೊಳವೆಬಾವಿಗಳ ನೀರನ್ನು ಎತ್ತಿಸಿದರು. 2001ರ ಸುಮಾರಿಗೆ ದಾಂಡೇಲಿಯ ಫೆರೋ ಅಲಾಯ್ಸ್ ಕಾರ್ಖಾನೆಯ ವಿದ್ಯುದುತ್ಪಾದಕ ಯಂತ್ರಗಳೂ ಇದೇ ಎಣ್ಣೆಯಿಂದ ನಡೆದುವು. 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳ ಸದ್ದಿನಲ್ಲಿ ಎರಡು ತಲೆಮಾರು ಬದುಕಿದ ಹರಿಹರದವರಿಗೆ ಇದರ ಒಳಗುಟ್ಟನ್ನು ಹೆಚ್ಚಾಗಿ ಬಿಡಿಸಿ ಹೇಳಬೇಕಾದುದಿಲ್ಲ. ಆ ಯಂತ್ರಗಳು ನಿಂತಲ್ಲಿಯೇ ನಿಂತು ಒಂದೇ ವೇಗದಲ್ಲಿ ಗಂಟೆಗಟ್ಟಲೆ ತಿರುಗುವಂಥವು. ಬಿಸಿಯಾದ ಯಂತ್ರವು ಮಂದವಾದ ಎಣ್ಣೆಯನ್ನೂ ಅರಗಿಸಿಕೊಳ್ಳಬಲ್ಲುದು. ಲಾರಿಯಾದರೋ ನಿಲ್ಲುವುದು, ತಣಿಯುವುದು, ಏರು ಹತ್ತುವುದು, ಮತ್ತೆ ನಿಲ್ಲುವುದು. ಒಂದಕ್ಕೆ ಪಥ್ಯವಾದುದು ಇನ್ನೊಂದಕ್ಕೆ ಅಪಥ್ಯ.

ಈ ವಿವೇಕವು ದೆಹಲಿಗೆ ತಲಪಿದಂತೆ ಕಾಣಲಿಲ್ಲ. 2003ರಲ್ಲಿ ಯೋಜನಾ ಆಯೋಗದ ಸಮಿತಿಯು ಕಾಡುಹರಳನ್ನು ಒಂದು ಕೋಟಿ ಹೆಕ್ಟೇರಿಗೂ ಮಿಕ್ಕ ಭೂಮಿಯಲ್ಲಿ ಬೆಳೆಸಬೇಕೆಂದಿತು. ಬೀಳುಭೂಮಿಯಲ್ಲಿ ನೀರಿಲ್ಲದೆ ಅದು ಬದುಕಿತು, ಆದರೆ ಫಲವನ್ನು ಕೊಡಲಿಲ್ಲ. ನೆಟ್ಟ ರೈತರು ಕಿತ್ತುಹಾಕಿದರು. ಡೀಸೆಲಿನಲ್ಲಿ ನೂರಕ್ಕೆ 20 ಪಾಲು ಜೈವಿಕ ಇಂಧನವಿರಬೇಕೆಂದು 2009ರ ರಾಷ್ಟ್ರೀಯ ನೀತಿಯು 2017ನೆಯ ವರ್ಷವನ್ನು ಗುರಿಯಾಗಿಟ್ಟಿತು. 2018ರ ನೀತಿಯು ಅದನ್ನು ನೂರಕ್ಕೆ 5ಕ್ಕೆ ಇಳಿಸಿ 2030ಕ್ಕೆ ಮುಂದೂಡಿತು. ಕರ್ನಾಟಕವು 2009ರಲ್ಲಿ ತನ್ನದೇ ನೀತಿಯನ್ನು ಮಾಡಿ, ಹೊಂಗೆ, ಬೇವು, ಹಿಪ್ಪೆಗಳನ್ನು ಹೊಲದ ಬದುಗಳಲ್ಲಿ ನೆಡಿಸಲು 'ಬರಡು ಬಂಗಾರ'ವೆಂಬ ಕಾರ್ಯಕ್ರಮವನ್ನು ತಂದುದು ಇದಕ್ಕಿಂತ ಹೆಚ್ಚು ವಿವೇಕದ ಕೆಲಸ. ಬದುವಿನ ಮರವು ಹೊಲದ ಅನ್ನವನ್ನು ಕಸಿಯುವುದಿಲ್ಲ.

ಇನ್ನು ಹೇಳಲು ಮನಸ್ಸಿಲ್ಲದಿದ್ದರೂ ಹೇಳಲೇಬೇಕಾದ ಒಂದು ಮಿಶ್ರಣವುಂಟು. ನಮ್ಮ ದೇಶದಲ್ಲಿ ಡೀಸೆಲಿಗೆ ಅತ್ಯಧಿಕವಾಗಿ ಬೆರೆತುದು ಶೇಂಗಾವೂ ಅಲ್ಲ, ಹೊಂಗೆಯೂ ಅಲ್ಲ. ಬಡವರ ಪಡಿತರದ ಸೀಮೆಎಣ್ಣೆ. ಗುರುತಿಗೆಂದು ನೀಲಿ ಬಣ್ಣವನ್ನು ಹಾಕಿದರೂ ಅದು ನಿಲ್ಲಲಿಲ್ಲ. ಕೀಲುಗಳಿಗೆ ಜಿಡ್ಡನ್ನು ಕೊಡದ ಆ ಎಣ್ಣೆಯಿಂದ ಲಾರಿಯ ಪಂಪು ಸವೆಯುವುದು. ಇತ್ತ ಗುಡಿಸಲಿನ ದೀಪವು ಆರುವುದು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದು, ಮೈಸೂರಿನ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಇಂಡಿಯನ್ ಆಯಿಲ್ ಸಂಸ್ಥೆಯ ಅಧಿಕಾರಿಯಾಗಿದ್ದ ಷಣ್ಮುಗಂ ಮಂಜುನಾಥರು ಉತ್ತರ ಪ್ರದೇಶದ ಲಖಿಂಪುರ ಖೇರಿಯಲ್ಲಿ ಕಲಬೆರಕೆಯ ಬಂಕಿಗೆ ಮುದ್ರೆಯೊತ್ತಿದುದಕ್ಕಾಗಿ 2005ರ ನವೆಂಬರ್ 19ರಂದು ಗುಂಡಿಗೆ ಬಲಿಯಾದರು. ಆಗ ಅವರಿಗೆ 27 ವರ್ಷ. ಎಣ್ಣೆಯ ಮಿಶ್ರಣವನ್ನು ಜಾಣತನವೆಂದು ಹೊಗಳುವವರು ಈ ತರುಣನ ಹೆಸರನ್ನು ಅರಿತಿರಬೇಕು.

2020ರ ಏಪ್ರಿಲಿನಿಂದ ಮಾರಾಟವಾಗುವ ಡೀಸೆಲಿನಲ್ಲಿ ಗಂಧಕವು ಹತ್ತು ಲಕ್ಷಕ್ಕೆ 10 ಪಾಲಿಗೆ ಇಳಿದಿದೆ. ಗಂಧಕವನ್ನು ತೆಗೆಯುವಾಗ ಡೀಸೆಲಿನ ಸ್ವಾಭಾವಿಕವಾದ ಜಿಡ್ಡೂ ಕಡಮೆಯಾಗುವುದು; ಅದನ್ನು ತುಂಬಲು ಜೈವಿಕ ಡೀಸೆಲಿನ ಒಂದೆರಡು ಪಾಲು ಸಾಕು. ಬದಲಿಯಾಗಲು ಹೊರಟ ಕಾಳೆಣ್ಣೆಯು ಹೀಗೆ ಒಗ್ಗರಣೆಯ ಸ್ಥಾನಕ್ಕೆ ಬಂದು ನಿಂತಿದೆ. ಆದರೆ ಹೊಸ ಲಾರಿಗಳ ಹೊಗೆಶೋಧಕಗಳು ಅತಿ ಸೂಕ್ಷ್ಮವಾದುದರಿಂದ ಹಸಿ ಎಣ್ಣೆಯನ್ನು ತೊಟ್ಟಿಗೆ ಹೊಯ್ಯುವ ಸಾಹಸವನ್ನು ಮಾಲಿಕರು ಮಾಡದಿರುವುದೇ ಲೇಸು. ಕರಿದು ಉಳಿದ ಎಣ್ಣೆಗೂ ಈಗ ದಾರಿಯಾಗಿದೆ. ಮತ್ತೆ ಮತ್ತೆ ಕಾಯಿಸಿ ಕೆಟ್ಟ ಎಣ್ಣೆಯನ್ನು ಅಡಿಗೆಗೆ ಬಳಸಬಾರದೆಂದು 2018ರಲ್ಲಿ ಆಹಾರ ಸುರಕ್ಷತೆಯ ಪ್ರಾಧಿಕಾರವು ಮಿತಿಯನ್ನು ಗೊತ್ತುಮಾಡಿ, ಅದನ್ನು ಜೈವಿಕ ಡೀಸೆಲಾಗಿ ಮಾರ್ಪಡಿಸುವ ಏರ್ಪಾಟನ್ನೂ ಮಾಡಿತು. ಮಂಡಕ್ಕಿ-ಮಿರ್ಚಿಯ ಊರಾದ ದಾವಣಗೆರೆಯಲ್ಲಿ ಈ ಬಾಣಲೆಗಳ ಕಪ್ಪೆಣ್ಣೆಯು ಮತ್ತೆ ಮನುಷ್ಯರ ಹೊಟ್ಟೆಗೆ ಹೋಗದೆ ಯಂತ್ರದ ಹೊಟ್ಟೆಗೆ ಹೋಗುವುದಾದರೆ ವೈದ್ಯರಿಗೆ ಮಾತ್ರ ಸ್ವಲ್ಪ ನಷ್ಟ.

ಹೊಂಗೆಗೆ ಸಂಬಂಧಿಸಿದ ಒಂದು ಲೆಕ್ಕ ಉಳಿದಿದೆ. ಗಾಣದಲ್ಲಿ ನಾಲ್ಕು ಕಿಲೋ ಹೊಂಗೆಬೀಜವನ್ನು ಅರೆದರೆ ಸುಮಾರು ಒಂದು ಕಿಲೋ ಎಣ್ಣೆ ದೊರಕುವುದು. 300 ಲೀಟರಿನ ತೊಟ್ಟಿಯನ್ನು ತುಂಬಲು ಸಾವಿರದ ನೂರು ಕಿಲೋಗಳಿಗೂ ಹೆಚ್ಚು ಬೀಜ ಬೇಕು. ಮರವೊಂದಕ್ಕೆ ವರ್ಷಕ್ಕೆ 20 ಕಿಲೋ ಎಂದು ಹಿಡಿದರೆ 55 ಮರಗಳ ಫಲವಾಯಿತು. ಲೀಟರಿಗೆ ನಾಲ್ಕು ಕಿಲೋಮೀಟರು ಓಡುವ ಲಾರಿಯು ದಾವಣಗೆರೆಯಿಂದ ಬೆಂಗಳೂರಿಗೆ ಎರಡು ಸಲ ಹೋಗಿಬರುವಷ್ಟರಲ್ಲಿ ಅದು ಮುಗಿಯುವುದು. ಅದೇ ಬೀಜವನ್ನು ಜಗಳೂರಿನಂತಹ ಒಣ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಬೇಸಗೆಯಲ್ಲಿ ಕೆಲಸವಿಲ್ಲದ ಹೆಂಗಸರು ಆಯ್ದು ಕೂಲಿಯನ್ನು ಪಡೆದರೆ, ಅಲ್ಲಿನ ಗಾಣದಲ್ಲಿಯೇ ಎಣ್ಣೆಯಾಗಿ ಅಲ್ಲಿನ ಪಂಪಿನ ಯಂತ್ರಕ್ಕೆ ಸಂದರೆ, ಉಳಿದ ಮುಕ್ಕಾಲು ಪಾಲು ಹಿಂಡಿಯು ಊರಿನ ಗಡಿಯನ್ನು ದಾಟದೆ ಅದೇ ಹೊಲಗಳಿಗೆ ಗೊಬ್ಬರವಾಗಿ ಹೋಗುವುದು.