ಸಮಾರ್ಯದವನು: ಒಂದು ಹೆಸರಿನ ಚರಿತ್ರೆ

ನಮ್ಮ ದೇಶದ ಮೋಟಾರು ವಾಹನಗಳ ಶಾಸನಕ್ಕೆ 2019ನೆಯ ಇಸವಿಯಲ್ಲಿ ಆದ ತಿದ್ದುಪಡಿಯಿಂದ 134ಎ ಎಂಬ ಹೊಸ ಪ್ರಕರಣವೊಂದು ಸೇರಿತು. ಅಪಘಾತಕ್ಕೆ ಸಿಕ್ಕಿ ದಾರಿಯಲ್ಲಿ ಬಿದ್ದವನಿಗೆ ಸದ್ಭಾವದಿಂದ, ತಾನಾಗಿ, ಪ್ರತಿಫಲವನ್ನು ಬಯಸದೆ ನೆರವಾದವನನ್ನು ಆ ನೆರವಿನ ನಿಮಿತ್ತವಾಗಿ ವ್ಯಾಜ್ಯಕ್ಕಾಗಲಿ ದಂಡನೆಗಾಗಲಿ ಗುರಿಮಾಡಕೂಡದೆಂಬುದು ಅದರ ಸಾರ. ಅಂಥವನಿಗೆ ಶಾಸನವು ಕೊಟ್ಟಿರುವ ಹೆಸರು ‘ಗುಡ್ ಸಮಾರಿಟನ್’. ಕರ್ನಾಟಕವು ಇದಕ್ಕಿಂತಲೂ ಮುಂಚೆಯೇ, 2016ರಲ್ಲಿ, ಇದೇ ಹೆಸರಿನ ಪ್ರತ್ಯೇಕ ಶಾಸನವನ್ನು ರಚಿಸಿತ್ತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತವಾಯಿತು. ಬೈಬಲನ್ನು ಎಂದೂ ಬಿಚ್ಚಿ ನೋಡದವರ ಬಾಯಲ್ಲಿಯೂ ಈಗ ಈ ಮಾತು ಸಲೀಸಾಗಿ ಓಡಾಡುತ್ತಿದೆ. ಸಮಾರಿಟನ್ ಎಂಬುದು ಒಂದು ಜನಾಂಗದ ಹೆಸರೆಂಬುದೂ, ಒಂದು ಕಾಲಕ್ಕೆ ಅದು ಬೈಗುಳಕ್ಕೆ ಸಮನಾಗಿದ್ದಿತೆಂಬುದೂ ಹಾಗೆ ಆಡುವವರಲ್ಲಿ ಎಷ್ಟು ಮಂದಿಗೆ ತಿಳಿದಿದ್ದೀತು?

ಕಥೆಯು ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿದೆ. ನಿನ್ನಂತೆಯೇ ನಿನ್ನ ನೆರೆಯವನನ್ನೂ ಪ್ರೀತಿಸಬೇಕೆಂಬ ವಿಧಿಯನ್ನು ಬಲ್ಲ ಧರ್ಮಶಾಸ್ತ್ರಜ್ಞನೊಬ್ಬನು, ಹಾಗಾದರೆ ಆ ನೆರೆಯವನು ಯಾರೆಂದು ಯೇಸುವನ್ನು ಕೇಳಿದನು. ಶಾಸ್ತ್ರಿಗೆ ಬೇಕಾಗಿದ್ದುದು ಒಂದು ಲಕ್ಷಣ. ಅವನಿಗೆ ಸಿಕ್ಕಿದ್ದು ಒಂದು ಕಥೆ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿದುಹೋಗುವ ದಾರಿ ಮೂವತ್ತು ಕಿಲೋಮೀಟರಿಗೂ ಕಡಮೆ. ಆದರೆ ಅಷ್ಟರಲ್ಲಿಯೇ ಅದು ಒಂದು ಸಾವಿರ ಮೀಟರು ತಗ್ಗಿಗೆ ಇಳಿದು, ಸಮುದ್ರಮಟ್ಟಕ್ಕಿಂತಲೂ ಕೆಳಗಿರುವ ಊರನ್ನು ಸೇರುತ್ತದೆ. ಇಕ್ಕೆಲಗಳಲ್ಲಿಯೂ ಬೋಳುಗುಡ್ಡಗಳು. ಅಲ್ಲಿ ಕಳ್ಳರು ಒಬ್ಬ ಪ್ರಯಾಣಿಕನನ್ನು ಬಡಿದು, ಸುಲಿದು, ಅರೆಜೀವ ಮಾಡಿ ಹೋದರು. ಯಾಜಕನೊಬ್ಬನು ಕಂಡು ಓರೆಯಾಗಿ ಹೋದನು. ದೇವಾಲಯದ ಸೇವೆಗೆ ಸೇರಿದ ಲೇವಿಯನೂ ಹಾಗೆಯೇ ಮಾಡಿದನು. ಮೂರನೆಯವನಾಗಿ ಬಂದ ಸಮಾರ್ಯದವನು ಗಾಯಗಳಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿ, ಅವನನ್ನು ತನ್ನ ವಾಹನದ ಮೇಲೇರಿಸಿ ಛತ್ರಕ್ಕೆ ಕರೆದೊಯ್ದನು. ಮರುದಿನ ಛತ್ರದವನ ಕೈಗೆ ಎರಡು ಬೆಳ್ಳಿಯ ನಾಣ್ಯಗಳನ್ನು, ಎಂದರೆ ಕೂಲಿಯವನ ಎರಡು ದಿನದ ಸಂಬಳವನ್ನು ಕೊಟ್ಟು, ಹೆಚ್ಚು ವೆಚ್ಚವಾದರೆ ಹಿಂದಿರುಗುವಾಗ ಸಲ್ಲಿಸುವೆನೆಂದನು.

ಈ ಮೂರನೆಯವನು ಯಾರೆಂಬುದರಲ್ಲಿಯೇ ಕಥೆಯ ಮೊನೆಯೆಲ್ಲ ಇದೆ. ಸಮಾರ್ಯವು ಇಸ್ರಾಯೇಲಿನ ಉತ್ತರ ರಾಜ್ಯದ ರಾಜಧಾನಿ. ಕ್ರಿ. ಪೂ. 722ರ ಸುಮಾರಿಗೆ ಅಸ್ಸೀರಿಯದವರು ಅದನ್ನು ಹಿಡಿದು, ಅಲ್ಲಿನ ಜನರಲ್ಲಿ ಅನೇಕರನ್ನು ಸೆರೆಯೊಯ್ದು, ಪರದೇಶೀಯರನ್ನು ತಂದು ನೆಲಸಿಸಿದರು. ಈ ಬೆರಕೆಯಿಂದ ಹುಟ್ಟಿದವರೇ ಸಮಾರ್ಯದವರೆಂದು ಯೆಹೂದ್ಯರ ಗ್ರಂಥವು ಹೇಳುತ್ತದೆ. ಸಮಾರ್ಯದವರು ಇದನ್ನು ಒಪ್ಪುವುದಿಲ್ಲ. ತಾವೇ ಮೂಲ ಧರ್ಮವನ್ನು ಕೆಡದಂತೆ ಕಾಪಾಡಿಕೊಂಡು ಬಂದವರೆಂಬುದು ಅವರ ಹೇಳಿಕೆ. ಮೋಶೆಯ ಐದು ಗ್ರಂಥಗಳಲ್ಲದೆ ಬೇರೊಂದಕ್ಕೆ ಅವರಲ್ಲಿ ಪ್ರಮಾಣವಿಲ್ಲ. ಅವರ ಪುಣ್ಯಕ್ಷೇತ್ರ ಯೆರೂಸಲೇಮಲ್ಲ, ಗೆರಿಜೀಮ್ ಬೆಟ್ಟ. ಆ ಬೆಟ್ಟದ ಮೇಲಿದ್ದ ಅವರ ದೇವಾಲಯವನ್ನು ಯೆಹೂದ್ಯರ ದೊರೆ ಯೋಹಾನ ಹಿರ್ಕಾನನು ಕ್ರಿ. ಪೂ. ಎರಡನೆಯ ಶತಮಾನದ ಕೊನೆಯ ಭಾಗದಲ್ಲಿ ಕೆಡವಿಸಿದನು. ದೇವರೊಬ್ಬನೇ, ಧರ್ಮಶಾಸ್ತ್ರವೊಂದೇ, ಊರುಗಳು ಅಕ್ಕಪಕ್ಕ, ಆದರೂ ಹೊಕ್ಕುಬಳಕೆಯಿಲ್ಲ. ದೂರದ ಶತ್ರುವಿಗಿಂತ ದಾಯಾದಿಯ ಹಗೆ ಕಡುಪಾದುದೆಂಬುದನ್ನು ಭಾರತದ ಕಥೆಯನ್ನು ಕೇಳಿ ಬೆಳೆದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಥೆ ಮುಗಿದ ಮೇಲೆ, ಈ ಮೂವರಲ್ಲಿ ನೆರೆಯವನಾದವನು ಯಾರೆಂದು ಯೇಸು ಕೇಳುತ್ತಾನೆ. ಶಾಸ್ತ್ರಿಯ ನಾಲಗೆಗೆ ‘ಸಮಾರ್ಯದವನು’ ಎಂಬ ಶಬ್ದ ಬರುವುದಿಲ್ಲ. ದಯೆ ತೋರಿದವನೆಂದು ಹೇಳಿ ಸುಮ್ಮನಾಗುತ್ತಾನೆ. ವಾಚಕರು ಇನ್ನೊಂದನ್ನೂ ಗಮನಿಸಬಹುದು: ‘ಒಳ್ಳೆಯ’ ಎಂಬ ವಿಶೇಷಣವು ಮೂಲ ಕಥೆಯಲ್ಲಿ ಎಲ್ಲಿಯೂ ಇಲ್ಲ. ಅದು ಮುಂದಿನವರು ಕಟ್ಟಿದ ತಲೆಬರಹ. ಒಂದು ಜಾತಿಯ ಹೆಸರಿನ ಹಿಂದೆ ‘ಒಳ್ಳೆಯ’ ಎಂದು ಸೇರಿಸಿ ಒಬ್ಬನನ್ನು ಹೊಗಳಿದರೆ ಆ ಜಾತಿಯ ಉಳಿದವರಿಗೆ ಏನು ಹೇಳಿದಂತಾಯಿತು? ಉಪಕಾರದ ಮಾತಿನೊಳಗೇ ಹಳೆಯ ತಿರಸ್ಕಾರವು ಹೀಗೆ ಅಡಗಿ ಕುಳಿತಿದೆಯೆಂದು ನಮಗೆ ತೋರುತ್ತದೆ.

ಕನ್ನಡದಲ್ಲಿ ಈ ಕಥೆಯು ಬಳ್ಳಾರಿಯಿಂದ ಬಂದಿತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು, ಕನ್ನಡವನ್ನು ಕಲಿತು, ಬೈಬಲಿನ ಭಾಷಾಂತರಕ್ಕೆ ಕೈಹಾಕಿದನು. ನಮ್ಮ ಕನ್ನಡ ಬೈಬಲಿನಲ್ಲಿ ನಿಂತಿರುವ ‘ನೆರೆಯವನು’ ಎಂಬುದು ಬಹು ಸೊಗಸಾದ ಅಚ್ಚಗನ್ನಡ ಮಾತು. ನೆರೆಯೆಂದರೆ ನಮಗೆ ಪಕ್ಕದ ಮನೆ, ಹೊಲದ ಬದುವಿನ ಆಚೆಯವನು. ದಾರಿಯಲ್ಲಿ ಹೋಗುವ ಹೆಸರಿಲ್ಲದವನೂ ನೆರೆಯವನಾಗಬಲ್ಲನೆಂಬ ಅರ್ಥವನ್ನು ಈ ಕಥೆಯು ಆ ಶಬ್ದಕ್ಕೆ ತೊಡಿಸಿತು.

ಅದೇ ಪ್ರಶ್ನೆಯು ಮುಂದೆ ನ್ಯಾಯಸ್ಥಾನಕ್ಕೂ ಹೋಯಿತು. 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಿನ ಉಪಾಹಾರಗೃಹವೊಂದರಲ್ಲಿ ಹೆಂಗಸೊಬ್ಬಳು ಶುಂಠಿಯ ಪಾನೀಯವನ್ನು ಕುಡಿದಳು. ಬಳಿಕ ಆ ಸೀಸೆಯಿಂದ ಕೊಳೆತ ಬಸವನಹುಳು ಹೊರಬಿದ್ದಿತೆಂದು ಮೊಕದ್ದಮೆಯಾಯಿತು. ಪಾನೀಯಕ್ಕೆ ಹಣ ಕೊಟ್ಟವಳು ಅವಳ ಗೆಳತಿ. ಕುಡಿದವಳಿಗೂ ತಯಾರಕನಿಗೂ ಯಾವ ಕರಾರೂ ಇರಲಿಲ್ಲ. 1932ರಲ್ಲಿ ತೀರ್ಪನ್ನು ಬರೆದ ಲಾರ್ಡ್ ಆಟ್ಕಿನ್ ಲೂಕನ ಶಾಸ್ತ್ರಿಯ ಪ್ರಶ್ನೆಯನ್ನೇ ಎತ್ತಿಕೊಂಡು, ನನ್ನ ಕೃತ್ಯದಿಂದ ಯಾರಿಗೆ ನೇರವಾಗಿ ಕೇಡು ತಟ್ಟುವುದೋ ಅವರೆಲ್ಲರೂ ಶಾಸನದ ದೃಷ್ಟಿಯಲ್ಲಿ ನನ್ನ ನೆರೆಯವರೆಂದು ಸಾಧಿಸಿದನು. ಇಂದು ನಮ್ಮ ಕಾನೂನು ವಿದ್ಯಾರ್ಥಿಗಳೂ ಓದುವ ತೀರ್ಪು ಅದು. ಆದರೆ ನೆರೆಯವನಿಗೆ ಕೇಡು ಮಾಡದಿರುವುದು ಬೇರೆ, ಬಿದ್ದವನನ್ನು ಎತ್ತುವುದು ಬೇರೆ. ಆಂಗ್ಲ ಸಂಪ್ರದಾಯದ ಶಾಸನವು ಎರಡನೆಯದನ್ನು ಸಾಮಾನ್ಯ ಮನುಷ್ಯನ ಕರ್ತವ್ಯವೆಂದು ವಿಧಿಸಲಿಲ್ಲ. ಯಾಜಕನೂ ಲೇವಿಯನೂ ಅದರ ಮುಂದೆ ನಿರಪರಾಧಿಗಳೇ.

ನಮ್ಮಲ್ಲಿಯಾದರೋ ತೊಡಕು ಇನ್ನೂ ಹೆಚ್ಚಿನದಾಗಿದ್ದಿತು. ರಸ್ತೆಯಲ್ಲಿ ನೆತ್ತರು ಸುರಿಸುತ್ತ ಬಿದ್ದವನ ಸುತ್ತ ಹತ್ತು ಜನ ನೆರೆದರೂ ಎತ್ತುವವರಿಲ್ಲದೆ ಹೋಗುತ್ತಿದ್ದುದು ಕಲ್ಲೆದೆಯಿಂದಷ್ಟೇ ಅಲ್ಲ. ಸಾಕ್ಷಿಗೆಂದು ಠಾಣೆಗೆ ಅಲೆಯಬೇಕಾದೀತು, ಆಸ್ಪತ್ರೆಯಲ್ಲಿ ಹಣ ಕೇಳಿಯಾರು, ಕಡೆಗೆ ಅಪಘಾತ ಮಾಡಿದವನು ನೀನೇ ಎಂದಾರು, ಎಂಬ ಅಂಜಿಕೆಯೂ ಅಷ್ಟೇ ಕಾರಣ. ಗಾಯಾಳುವಿನ ಪ್ರಾಣರಕ್ಷಣೆಯೇ ವೈದ್ಯನ ಮೊದಲ ಕರ್ತವ್ಯವೆಂದು ಸುಪ್ರೀಂ ಕೋರ್ಟು 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿತು. ನೆರವಾದವನನ್ನು ಪೀಡಿಸಬಾರದೆಂಬ ಸರ್ಕಾರದ ಮಾರ್ಗಸೂಚಿಗಳಿಗೆ 2016ರಲ್ಲಿ ಬಲವಿತ್ತಿತು. ಮೇಲೆ ಹೇಳಿದ ಶಾಸನಗಳು ಬಂದುದು ಈ ಹಾದಿಯಲ್ಲಿಯೇ. 2021ರಲ್ಲಿ ಕೇಂದ್ರ ಸರ್ಕಾರವು, ಗಾಯಾಳುವನ್ನು ಸಕಾಲಕ್ಕೆ ಆಸ್ಪತ್ರೆಗೆ ಸೇರಿಸಿದವರಿಗೆ 5,000 ರೂಪಾಯಿಗಳ ಬಹುಮಾನವನ್ನು ಗೊತ್ತುಮಾಡಿತು; 2025ರಲ್ಲಿ ಅದು 25,000 ಆಗಿ, ಯೋಜನೆಯ ಹೆಸರೂ ‘ರಾಹ್-ವೀರ್’ ಎಂದು ಮಾರ್ಪಟ್ಟಿತು. ಕೈಯಿಂದ ಎರಡು ನಾಣ್ಯ ತೆತ್ತವನ ಹೆಸರಿನಲ್ಲಿ ಬಹುಮಾನ ಕೊಡುವುದು ಸರಿಹೋಗದೆಂದು ಯಾರಾದರೂ ಎಣಿಸಿ ಹೆಸರನ್ನು ಬದಲಾಯಿಸಿರಲಾರರು. ಆದರೂ ಬದಲಾದುದು ಒಳ್ಳೆಯದೇ ಆಯಿತು.

ಇತ್ತ ಆ ಜನಾಂಗವು ಅಳಿದುಹೋಗಿಲ್ಲ. ಆರನೆಯ ಶತಮಾನದಲ್ಲಿ ಬಿಜಾಂಟಿಯದ ಚಕ್ರವರ್ತಿಗಳ ವಿರುದ್ಧ ದಂಗೆಯೆದ್ದು ನುಗ್ಗುನುರಿಯಾದ ಸಮಾರ್ಯದವರು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಇನ್ನೂರು ಮಂದಿಗೂ ಕಡಮೆಯಾಗಿದ್ದರು. ಈಗಲೂ ಒಂದು ಸಾವಿರವನ್ನು ಮುಟ್ಟಿಲ್ಲ. ಕೆಲವರು ನಾಬ್ಲುಸ್ ನಗರದ ಬಳಿಯ ಆ ಗೆರಿಜೀಮ್ ಬೆಟ್ಟದ ಮೇಲೆಯೇ ಇದ್ದಾರೆ. ಉಳಿದವರು ಟೆಲ್ ಅವೀವಿನ ಸಮೀಪದ ಹೋಲೋನಿನಲ್ಲಿದ್ದಾರೆ. ಪಸ್ಕಹಬ್ಬದಲ್ಲಿ ಎಲ್ಲರೂ ಬೆಟ್ಟದ ಮೇಲೆ ಕೂಡಿ, ಕುರಿಗಳನ್ನು ಬಲಿಕೊಟ್ಟು, ತಮ್ಮ ಐದು ಗ್ರಂಥಗಳ ವಿಧಿಯಂತೆ ನಡೆಯುತ್ತಾರೆ. ಲೂಕನ ಕಥೆ ಆ ಐದರಲ್ಲಿಲ್ಲ.