ಕೊಸೈನ್ ಕಂಡವರು, ಬೇಲಿ ಹಾಕಿದವರು



ಊರಿಗೆ ಕಳುಹಿಸುವ ಮಗುವಿನ ಭಾವಚಿತ್ರವಾಗಲಿ, ಊರಿನಿಂದ ಬರುವ ಲಗ್ನಪತ್ರಿಕೆಯಾಗಲಿ, ಗಣಕದ ತೆರೆಯ ಮೇಲೆ ಬಹುಮಟ್ಟಿಗೆ ಜೆಪೆಗ್ ರೂಪದಲ್ಲಿಯೇ ಮೂಡುತ್ತದೆ. ಇದರ ಚರಿತ್ರೆಯ ಒಂದು ತುದಿ ಬೆಂಗಳೂರಿನಲ್ಲಿದೆ. ಮತ್ತೊಂದು ನಾವಿರುವ ಟೆಕ್ಸಾಸಿನಲ್ಲಿ.

1940ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ನಾಸಿರ್ ಅಹ್ಮದ್ ಅವರು ವಿಶ್ವೇಶ್ವರಯ್ಯನವರ ಹೆಸರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು ಅಮೆರಿಕೆಗೆ ಬಂದರು. 1972ರಲ್ಲಿ, ಕಾನ್ಸಾಸ್ ರಾಜ್ಯ ವಿಶ್ವವಿದ್ಯಾನಿಲಯದಲ್ಲಿದ್ದಾಗ, ಕೊಸೈನ್ ಪರಿವರ್ತನೆಯ ಸಂಶೋಧನೆಗೆಂದು ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಸಲ್ಲಿಸಿದರು. ಹಣ ದೊರೆಯಲಿಲ್ಲ; ವಿಚಾರ ತೀರ ಸರಳವೆಂದು ಪರೀಕ್ಷಕರೊಬ್ಬರಿಗೆ ತೋರಿತಂತೆ! ಅವರು ಕೈಬಿಡಲಿಲ್ಲ. 1974ರ ಜನವರಿಯಲ್ಲಿ ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ಪ್ರಬಂಧವನ್ನು ಪ್ರಕಟಿಸಿದರು. ರಾವ್ ಅವರು ನಮ್ಮ ನೆರೆಯ ಆರ್ಲಿಂಗ್ಟನ್ನಿನ ವಿಶ್ವವಿದ್ಯಾನಿಲಯದಲ್ಲಿ ದಶಕಗಳ ಕಾಲ ಪಾಠ ಹೇಳಿ 2021ರಲ್ಲಿ ತೀರಿಕೊಂಡರು.

ರಂಗೋಲಿಗೆ ಚುಕ್ಕಿ ಇಟ್ಟಂತೆ ಚಿತ್ರವನ್ನು ಎಂಟಕ್ಕೆ ಎಂಟು ಚುಕ್ಕಿಗಳ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದ 64 ಬೆಲೆಗಳಲ್ಲಿ ನಿಧಾನವಾಗಿ ಮಾರ್ಪಡುವ ಛಾಯೆಯನ್ನೂ ಶೀಘ್ರವಾಗಿ ಮಾರ್ಪಡುವ ಗೆರೆಗಳನ್ನೂ ಬೇರ್ಪಡಿಸುವುದು ಈ ಪರಿವರ್ತನೆಯ ಕೆಲಸ. ಕಣ್ಣು ಗುರುತಿಸದ ಸೂಕ್ಷ್ಮಗಳನ್ನು ಒರಟಾಗಿ ಅಳೆದರೆ ಬಹುಪಾಲು ಸಂಖ್ಯೆಗಳು ಸೊನ್ನೆಯಾಗುತ್ತವೆ. ಸೊನ್ನೆಗಳ ಸಾಲನ್ನು ಚುಟುಕಾಗಿ ಬರೆದಿಡಬಹುದು. 1992ರ ಜೆಪೆಗ್ ಮಾನಕ ನಿಂತಿರುವುದು ಇದರ ಮೇಲೆ.

ಜಗಳ ಹುಟ್ಟಿದ್ದು ಆ ಸೊನ್ನೆಗಳ ಸಾಲಿನಲ್ಲಿ. ಅಂಥ ಸಾಲುಗಳನ್ನು ಸಂಕೇತಿಸುವ ಒಂದು ಕ್ರಮಕ್ಕೆ ಕ್ಯಾಲಿಫೋರ್ನಿಯದ ಕಂಪ್ರೆಷನ್ ಲ್ಯಾಬ್ಸ್ 1987ರಲ್ಲಿ ಪೇಟೆಂಟ್ ಪಡೆದಿತ್ತು. ಆ ಸಂಸ್ಥೆಯನ್ನು 1997ರಲ್ಲಿ ಆಸ್ಟಿನ್ನಿನ ವಿಟೆಲ್ ಕೊಂಡಿತು. ಫೋರ್ಜೆಂಟ್ ಎಂದು ಹೆಸರು ಬದಲಿಸಿಕೊಂಡ ಬಳಿಕ, 2002ರಲ್ಲಿ, ಜೆಪೆಗ್ ಬಳಸುವ ಕಂಪನಿಗಳು ಶುಲ್ಕ ತೆರಬೇಕೆಂದು ಸಾರಿತು. ಊರೆಲ್ಲ ನೀರು ಸೇದುತ್ತಿದ್ದ ಬಾವಿಗೆ ಹತ್ತು ವರ್ಷದ ಮೇಲೆ ಬೀಗ ಹಾಕಿದಂತಾಯಿತು. ಕಾನೂನು ಇದಕ್ಕೆ ಅಡ್ಡಬರಲಿಲ್ಲ. ನ್ಯಾಯವೆನ್ನಲು ನನಗೆ ಮನಸ್ಸಾಗದು. 2004ರ ಏಪ್ರಿಲಿನಲ್ಲಿ 31 ಕಂಪನಿಗಳ ಮೇಲೆ ಮಾರ್ಷಲ್ ಪಟ್ಟಣದಲ್ಲಿ ದಾವೆ ಹೂಡಲಾಯಿತು. ಅದು ಟೆಕ್ಸಾಸಿನ ಪೂರ್ವ ಜಿಲ್ಲೆಯ ನ್ಯಾಯಾಲಯ. ನಮ್ಮ ಪ್ಲೇನೋ ಕೂಡ ಅದೇ ಜಿಲ್ಲೆಗೆ ಸೇರಿದ್ದು. ಮುಂದೆ ವ್ಯಾಜ್ಯ ಕ್ಯಾಲಿಫೋರ್ನಿಯಕ್ಕೆ ವರ್ಗವಾಯಿತು. ಪಬ್ಲಿಕ್ ಪೇಟೆಂಟ್ ಫೌಂಡೇಷನ್ನಿನ ಕೋರಿಕೆಯಂತೆ ನಡೆದ ಮರುಪರಿಶೀಲನೆಯಲ್ಲಿ, 2006ರ ಮೇ ತಿಂಗಳಲ್ಲಿ, 47 ಹಕ್ಕುಕೋರಿಕೆಗಳ ಪೈಕಿ 19 ತಿರಸ್ಕೃತವಾದವು. ಅಕ್ಟೋಬರಿನಲ್ಲಿ ಪೇಟೆಂಟಿನ ಅವಧಿಯೇ ಮುಗಿಯಿತು. ಉಳಿದವರು 80 ಲಕ್ಷ ಡಾಲರಿಗೆ ರಾಜಿಯಾದರು. ಅಷ್ಟರೊಳಗೆ ಹತ್ತು ಕೋಟಿ ಡಾಲರಿಗೂ ಮಿಗಿಲಾದ ಶುಲ್ಕ ಸಂಗ್ರಹವಾಗಿತ್ತು.

ಯೂನಿಸಿಸ್ 1994ರ ಕೊನೆಯಲ್ಲಿ ಗಿಫ್ ಚಿತ್ರಗಳ ಬಗೆಗೆ ಇಂಥದೇ ಬೇಡಿಕೆ ಇಟ್ಟಾಗ, ಅದಕ್ಕೆ ಉತ್ತರವಾಗಿ ಪಿಎನ್‌ಜಿ ಹುಟ್ಟಿತ್ತು. ಆ ಭಯ ಬ್ರೌಸರ್ ತಯಾರಕರನ್ನು ಈಗಲೂ ಬಿಟ್ಟಿಲ್ಲ. ಐಫೋನ್ 2017ರಲ್ಲಿ ತಂದ ಹೀಕ್ ಚಿತ್ರಗಳು ಬಹುತೇಕ ಬ್ರೌಸರುಗಳಲ್ಲಿ ತೆರೆಯದಿರುವುದಕ್ಕೆ ಅದರೊಳಗಿನ ಪೇಟೆಂಟುಗಳೇ ಮುಖ್ಯ ಕಾರಣ. ಶುಲ್ಕವಿಲ್ಲದ ರೂಪ ಬೇಕೆಂದು 2015ರಲ್ಲಿ ಕೂಡಿದ ಸಂಸ್ಥೆಗಳ ಒಕ್ಕೂಟ 2019ರಲ್ಲಿ ಎವಿಫ್ ತಂದಿತು. ಕ್ರೋಮ್ 2020ರಲ್ಲಿ, ಫೈರ್‌ಫಾಕ್ಸ್ 2021ರಲ್ಲಿ, ಸಫಾರಿ 2022ರಲ್ಲಿ ಅದನ್ನು ಅಂಗೀಕರಿಸಿದವು. ಅದರೊಳಗೂ ಇರುವುದು ಕೊಸೈನ್ ಪರಿವರ್ತನೆಯೇ. ಅದಕ್ಕೆ ಆಧಾರವಾದ ಎವಿ1 ಸಂಕೇತಕ್ಕೂ 2020ರಲ್ಲಿ ಸಿಸ್ವೆಲ್ ಎಂಬ ಸಂಸ್ಥೆ ಪರವಾನಗಿ ಶುಲ್ಕ ಕೇಳಿತು.