ಅವಧಿಪೂರ್ವ ಶಿಶುವಿನ ಸ್ತನ್ಯಪಾನ

ಗರ್ಭಾವಧಿಯ 37 ವಾರಗಳು ತುಂಬುವ ಮೊದಲೇ ಜನಿಸಿದ ಶಿಶುವನ್ನು ಅವಧಿಪೂರ್ವ ಶಿಶು ಎನ್ನುತ್ತಾರೆ. ಆಸ್ಪತ್ರೆಯಲ್ಲಿ ನಾಳದಿಂದಲೋ ಒಳಲೆಯಿಂದಲೋ ಹಾಲು ಪಡೆದ ಇಂತಹ ಶಿಶುವನ್ನು ಮನೆಗೆ ಬಂದ ನಂತರ ನೇರ ಸ್ತನ್ಯಪಾನಕ್ಕೆ ರೂಢಿಸುವುದು ಹಲವು ವಾರಗಳ ತಾಳ್ಮೆಯನ್ನು ಬೇಡುವ ಕೆಲಸ.

ಹಿನ್ನೆಲೆ

ಚೀಪುವುದು, ನುಂಗುವುದು ಮತ್ತು ಉಸಿರಾಡುವುದು ಇವುಗಳ ಹೊಂದಾಣಿಕೆ ಸಾಮಾನ್ಯವಾಗಿ 34ನೇ ವಾರದ ಸುಮಾರಿಗೆ ಬಲಗೊಳ್ಳುತ್ತದೆ. ಆದ್ದರಿಂದ ಶಿಶು ಬೇಗ ದಣಿದು ನಿದ್ರಿಸುವುದು ತಾಯಿಯ ಕೊರತೆಯಲ್ಲ, ಹಾಲಿನ ದೋಷವೂ ಅಲ್ಲ. ಎದೆಹಾಲು ಸೋಂಕುಗಳಿಂದಲೂ ಅವಧಿಪೂರ್ವ ಶಿಶುಗಳನ್ನು ಕಾಡುವ ಗಂಭೀರ ಕರುಳಿನ ಕಾಯಿಲೆಯಿಂದಲೂ ರಕ್ಷಣೆ ನೀಡುತ್ತದೆ.

ಹಾಲಿನ ಪ್ರಮಾಣವನ್ನು ಕಾಪಾಡುವುದು

ಎದೆ ಬರಿದಾದಷ್ಟೂ ಹಾಲು ಉತ್ಪತ್ತಿಯಾಗುತ್ತದೆ. ಶಿಶು ಚೀಪಲಾರದ ದಿನಗಳಲ್ಲಿ ತಾಯಿಯು ರಾತ್ರಿಯೂ ಸೇರಿದಂತೆ ದಿನಕ್ಕೆ 8ರಿಂದ 12 ಬಾರಿ ಹಾಲನ್ನು ಹಿಂಡಿ ತೆಗೆಯಬೇಕು. ಹಿಂಡಿದ ಹಾಲನ್ನು ಶುದ್ಧ ಪಾತ್ರೆಯಲ್ಲಿ ಮುಚ್ಚಿಟ್ಟು ಒಳಲೆಯಿಂದ ಕುಡಿಸಲಾಗುತ್ತದೆ. ಬಾಟಲಿಯನ್ನು ಶುದ್ಧವಾಗಿಡುವುದು ಕಷ್ಟವಾದ್ದರಿಂದ ಅದನ್ನು ಬಳಸದಿರುವುದು ಒಳಿತು.

ಎದೆಗೆ ರೂಢಿಸುವ ಕ್ರಮ

ಮೊದಲು ಹಾಲು ಹಿಂಡಿದ ಎದೆಯನ್ನು ಚೀಪಿಸಿ ಅಭ್ಯಾಸ ಮಾಡಿಸುತ್ತಾರೆ. ಅನಂತರ ಪ್ರತಿ ಎರಡು–ಮೂರು ಗಂಟೆಗೊಮ್ಮೆ, ಮಲಗಿದ್ದರೆ ಎಬ್ಬಿಸಿಯಾದರೂ, ಎದೆಗೆ ಹಾಕಬೇಕು. ಕತ್ತಿಗೆ ಆಧಾರ ಕೊಟ್ಟು, ಶಿಶುವಿನ ದೇಹವನ್ನು ತಾಯಿಯ ಕಂಕುಳಡಿಯಲ್ಲಿ ಹಿಡಿಯುವ ಭಂಗಿ ಅನುಕೂಲಕರ. ಎದೆಯಿಂದ ಕುಡಿದದ್ದು ಸಾಲದಿದ್ದರೆ ಹಿಂಡಿದ ಹಾಲನ್ನು ಒಳಲೆಯಲ್ಲಿ ಪೂರೈಸಿ, ತೂಕ ಏರಿದಂತೆ ವೈದ್ಯರ ಸಲಹೆಯ ಮೇರೆಗೆ ಅದನ್ನು ಕಡಿಮೆ ಮಾಡುತ್ತಾರೆ. ದಿನಕ್ಕೆ ಕನಿಷ್ಠ ಆರು ಬಾರಿ ಮೂತ್ರ ವಿಸರ್ಜನೆಯೂ ಸತತ ತೂಕ ಹೆಚ್ಚಳವೂ ಹಾಲು ಸಾಲುತ್ತಿರುವುದರ ಲಕ್ಷಣಗಳು.

ಕಾಂಗರೂ ಆರೈಕೆ

ಶಿಶುವನ್ನು ತಾಯಿಯ ಬರಿ ಎದೆಗೆ ಒತ್ತಿ ಹೊದಿಸಿಡುವ ಈ ಪದ್ಧತಿ 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಆರಂಭವಾಯಿತು. ಇದರಿಂದ ಶಿಶುವಿನ ಮೈ ಬೆಚ್ಚಗಿರುತ್ತದೆ, ಹಾಲಿನ ಉತ್ಪತ್ತಿಯೂ ಹೆಚ್ಚುತ್ತದೆ. ದಿನಕ್ಕೆ 8ರಿಂದ 24 ಗಂಟೆಗಳ ಕಾಲ ಇದನ್ನು ಪಾಲಿಸುವಂತೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿತು. ತಂದೆ, ಅಜ್ಜಿಯೂ ಸರದಿಯಂತೆ ಮಾಡಬಹುದು.

ಕಡೂರು, ತರೀಕೆರೆ ಮತ್ತು ಅಜ್ಜಂಪುರ

ಚಿಕ್ಕಮಗಳೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಅಜ್ಜಂಪುರವು ಹಿಂದೆ ತರೀಕೆರೆಗೆ ಸೇರಿತ್ತು. ಕಡೂರಿನಿಂದ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೂ ತರೀಕೆರೆಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೂ ಸುಮಾರು 40 ಕಿ.ಮೀ. ದೂರವಿದೆ. ಹೀಗಾಗಿ ಬಿಡುಗಡೆಯ ನಂತರದ ಆರೈಕೆಯಲ್ಲಿ ಆಶಾ ಕಾರ್ಯಕರ್ತೆಯರ ಪಾತ್ರ ದೊಡ್ಡದು. ಗೃಹಾಧಾರಿತ ನವಜಾತ ಶಿಶು ಆರೈಕೆ ಕಾರ್ಯಕ್ರಮದಡಿ, ಆಸ್ಪತ್ರೆಯಲ್ಲಿ ಜನಿಸಿದ ಶಿಶುವಿಗೆ 3, 7, 14, 21, 28 ಮತ್ತು 42ನೇ ದಿನಗಳ ಭೇಟಿ ನಿಗದಿಯಾಗಿದೆ. ತಡವಾಗಿ ಬಿಡುಗಡೆಯಾದ ಶಿಶುವಿಗೆ ಉಳಿದ ದಿನಗಳ ಭೇಟಿ ಸಲ್ಲುತ್ತದೆ.

ಬಾಣಂತನದಲ್ಲಿ ತಾಯಿಗೆ ನೀರು ಕಡಿಮೆ ಕೊಡುವುದು, ಶಿಶುವಿಗೆ ಜೇನುತುಪ್ಪ, ಸಕ್ಕರೆ ನೀರು ಅಥವಾ ಬಜೆ ತೇಯ್ದು ನೆಕ್ಕಿಸುವುದು, ಬೇಗನೆ ಎಣ್ಣೆನೀರು ಹಾಕುವುದು ಇಂತಹ ರೂಢಿಗಳು ಅವಧಿಪೂರ್ವ ಶಿಶುವಿಗೆ ತಕ್ಕವಲ್ಲ. ಬಾಣಂತಿಗೆ ಹಸಿವಿಗೆ ತಕ್ಕ ಊಟ, ಬಾಯಾರಿಕೆಗೆ ತಕ್ಕ ನೀರು ಮತ್ತು ವಿಶ್ರಾಂತಿ ಅಗತ್ಯ.

ಅಪಾಯದ ಲಕ್ಷಣಗಳು

ಹಾಲು ಕುಡಿಯದಿರುವುದು, ಮೈ ತಣ್ಣಗಾಗುವುದು ಅಥವಾ ಜ್ವರ, ನಿಮಿಷಕ್ಕೆ 60 ಅಥವಾ ಹೆಚ್ಚು ಬಾರಿ ಉಸಿರಾಟ, ಪಕ್ಕೆ ಸೆಳೆತ, ಫಿಟ್ಸ್, ಅಂಗೈ–ಅಂಗಾಲು ಹಳದಿಯಾಗುವುದು ಕಂಡುಬಂದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಇದಕ್ಕೆ 108 ಆಂಬುಲೆನ್ಸ್ ಸೇವೆ ಲಭ್ಯವಿದೆ.